ಮಾಯಾವಿಗಳೇ, ಲೆಕ್ಕ ಕೊಡಿ

ಛೋಟಾ ಭೀಮ್ ಲಡ್ಡು ಬಾಯಿಗೆ ಹಾಕಿಕೊಂಡನೆಂದರೆ ಮುಂದೇನಾಗುತ್ತದೆ ಎಂದು ನಿಮಗೆಲ್ಲ ಗೊತ್ತು. ತೋಳು ಉಬ್ಬುತ್ತದೆ, ಎದುರಿಗೆ ನಿಂತ ದೈತ್ಯ ಗಾಳಿಯಲ್ಲಿ ಹಾರುತ್ತಾನೆ. 2008ರಿಂದಲೂ ಟೀವಿಯಲ್ಲಿ ಈ ಆಟ ನಡೆದೇ ಇದೆ. ಪಕ್ಕದಲ್ಲಿ ಕೂತ ದೊಡ್ಡವರು ಅದನ್ನು ನೋಡಿ, "ಒಂದು ಲಡ್ಡುವಿನಿಂದ ಅಷ್ಟು ಶಕ್ತಿ ಎಲ್ಲಿಂದ ಬರಬೇಕು? ಎಲ್ಲಾ ಸುಳ್ಳು" ಅಂದುಬಿಡುತ್ತಾರೆ. ಸುಳ್ಳೋ ನಿಜವೋ ಎಂದು ಬರೀ ಬಾಯಿಮಾತಿನಲ್ಲಿ ತೀರ್ಮಾನ ಮಾಡುವುದು ಬೇಡ. ಪೆನ್ಸಿಲ್ ತೆಗೆದುಕೊಳ್ಳಿ, ಲೆಕ್ಕ ಹಾಕಿಯೇ ನೋಡೋಣ.

ಕಡಲೆಹಿಟ್ಟು, ತುಪ್ಪ, ಸಕ್ಕರೆ ಸೇರಿಸಿ ಕಟ್ಟಿದ ಒಂದು ದೊಡ್ಡ ಲಡ್ಡುವಿನಲ್ಲಿ ಸುಮಾರು 200 ಕಿಲೋಕ್ಯಾಲೊರಿ ಶಕ್ತಿ ಇರುತ್ತದೆ. ವಿಜ್ಞಾನಿಗಳು ಶಕ್ತಿಯನ್ನು ಜೂಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಆ ಮಾನದಲ್ಲಿ ಇದು ಎಂಟು ಲಕ್ಷ ಜೂಲ್‌ಗಿಂತ ಸ್ವಲ್ಪ ಹೆಚ್ಚು. ಒಂದು ಕಿಲೋ ತೂಕದ ವಸ್ತುವನ್ನು ಒಂದು ಮೀಟರ್ ಮೇಲೆತ್ತಲು ಹತ್ತಿರ ಹತ್ತಿರ ಹತ್ತು ಜೂಲ್ ಬೇಕು. ದಸರೆಯಲ್ಲಿ ಅಂಬಾರಿ ಹೊರುವಂಥ ಆನೆ ಸುಮಾರು 5,000 ಕಿಲೋ ತೂಗುತ್ತದೆ ಅಂದುಕೊಳ್ಳೋಣ. ಅದನ್ನು ಒಂದು ಮೀಟರ್ ಎತ್ತಲು 50,000 ಜೂಲ್. ಈಗ ಎಂಟು ಲಕ್ಷವನ್ನು ಐವತ್ತು ಸಾವಿರದಿಂದ ಭಾಗಿಸಿ. ಎಷ್ಟು ಬಂತು? ಹದಿನಾರು. ಅಂದರೆ ಒಂದೇ ಒಂದು ಲಡ್ಡುವಿನಲ್ಲಿರುವ ಶಕ್ತಿ ಒಂದು ಆನೆಯನ್ನು ಹದಿನಾರು ಮೀಟರ್ ಎತ್ತರಕ್ಕೆ, ಐದಂತಸ್ತಿನ ಕಟ್ಟಡದ ತಾರಸಿಗೆ, ಏರಿಸಲು ಸಾಕು.

ನಮ್ಮ ಸ್ನಾಯುಗಳು ಮಾತ್ರ ಅಷ್ಟು ಚುರುಕಲ್ಲ. ತಿಂದದ್ದರಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ಅವು ಕೆಲಸಕ್ಕೆ ಹಚ್ಚುತ್ತವೆ. ಉಳಿದ ಮುಕ್ಕಾಲು ಭಾಗ ಬಿಸಿಯಾಗಿ ಮೈಯಿಂದ ಹೊರಗೆ ಹೋಗುತ್ತದೆ. ಓಡಿ ಬಂದಾಗ ಬೆವರುವುದು ಅದಕ್ಕೇ. ಆ ಖೋತಾ ಕಳೆದರೂ ಆನೆ ನಾಲ್ಕು ಮೀಟರ್ ಮೇಲೆದ್ದಿರುತ್ತದೆ. ಹಾಗಾದರೆ ಲಡ್ಡು ಸುಳ್ಳು ಹೇಳುತ್ತಿಲ್ಲ. ಭೀಮ್ ಎಡವುವುದು ಬೇರೆ ಕಡೆ: ಅವಸರದಲ್ಲಿ. ಆನೆಯನ್ನು ನಾಲ್ಕು ಮೀಟರ್ ಎತ್ತುವ ಎರಡು ಲಕ್ಷ ಜೂಲ್ ಕೆಲಸವನ್ನು ಅವನು ಒಂದೇ ಸೆಕೆಂಡಿನಲ್ಲಿ ಮುಗಿಸುತ್ತಾನೆ. ಅದಕ್ಕೆ 270 ಕುದುರೆಗಳ ಬಲ ಬೇಕು. ಮೈಬಗ್ಗಿಸಿ ದುಡಿಯುವ ದೊಡ್ಡ ಮನುಷ್ಯನೊಬ್ಬ ಸೆಕೆಂಡಿಗೆ ಸುಮಾರು ನೂರು ಜೂಲ್ ಕೆಲಸವನ್ನು ಬಿಡದೆ ಮಾಡಬಲ್ಲ. ಅವನ ಕೈಗೆ ಒಳ್ಳೆಯ ರಾಟೆಗಳ ಸಾಲೊಂದನ್ನು ಕೊಟ್ಟರೆ ಅದೇ ಆನೆಯನ್ನು ಅವನೂ ಅರ್ಧ ಗಂಟೆಗಿಂತ ತುಸು ಹೆಚ್ಚು ಹೊತ್ತಿನಲ್ಲಿ ಅಷ್ಟೇ ಎತ್ತರಕ್ಕೆ ಏರಿಸುತ್ತಾನೆ. ಲಡ್ಡು ಹೊಟ್ಟೆಯಲ್ಲಿ ಕರಗಿ ರಕ್ತಕ್ಕೆ ಸೇರಲು ಒಂದೆರಡು ಗಂಟೆ ಹಿಡಿಯುತ್ತದೆ ಎನ್ನುವುದು ಇನ್ನೊಂದು ಮಾತು.

ಮಾಯೆಯ ಕಥೆ ಓದುವಾಗ, ಸೂಪರ್‌ಹೀರೋ ಸಿನಿಮಾ ನೋಡುವಾಗ ನಾನು ಕೇಳುವುದು ಎರಡೇ ಪ್ರಶ್ನೆ. ಇದು ಎಲ್ಲಿಂದ ಬಂತು? ಅದು ಎಲ್ಲಿಗೆ ಹೋಯಿತು? ಪ್ರಕೃತಿ ಹಳೇ ಕಾಲದ ದಿನಸಿ ಅಂಗಡಿಯವರಂತೆ ಒಂದು ಜಮಾಖರ್ಚಿನ ಪುಸ್ತಕ ಇಟ್ಟುಕೊಂಡಿದೆ. ಒಂದು ಕಡೆ ಖರ್ಚು ಬಿದ್ದರೆ ಇನ್ನೊಂದು ಕಡೆ ಅಷ್ಟೇ ಜಮಾ ಬೀಳಬೇಕು. ಒಂದು ಜೂಲ್ ಹೆಚ್ಚಾಗುವಂತಿಲ್ಲ, ಒಂದು ಜೂಲ್ ಕಡಿಮೆಯಾಗುವಂತಿಲ್ಲ. ನಿಮ್ಮ ಪಠ್ಯಪುಸ್ತಕ ಇದನ್ನು ಶಕ್ತಿ ಸಂರಕ್ಷಣಾ ನಿಯಮ ಎನ್ನುತ್ತದೆ: ಶಕ್ತಿಯನ್ನು ಹುಟ್ಟಿಸಲು ಬಾರದು, ಅಳಿಸಲು ಬಾರದು, ರೂಪ ಬದಲಿಸಲು ಮಾತ್ರ ಬರುತ್ತದೆ.

ಈ ನಿಯಮ ಯಾರದೋ ತಲೆಯಲ್ಲಿ ಒಂದು ಬೆಳಗ್ಗೆ ಹೊಳೆದು ಬಂದದ್ದಲ್ಲ. ಬೇಸರವಿಲ್ಲದೆ ಅಳೆದೂ ಅಳೆದೂ ಸಿಕ್ಕಿದ್ದು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿ ಜೇಮ್ಸ್ ಜೂಲ್ ಎಂಬವರಿದ್ದರು. ಬಿಯರ್ ತಯಾರಿಸುವುದು ಅವರ ಮನೆತನದ ಕಸುಬು. ಅವರು ನೀರು ತುಂಬಿದ ಪಾತ್ರೆಯೊಳಗೆ ಹುಟ್ಟುಗಳಿರುವ ಒಂದು ಚಕ್ರ ಇಟ್ಟರು. ಅದಕ್ಕೆ ದಾರ ಸುತ್ತಿ, ದಾರದ ತುದಿಗೆ ತೂಕದ ಬಟ್ಟು ಕಟ್ಟಿ ಕೆಳಗೆ ಬಿಟ್ಟರು. ಬಟ್ಟು ಇಳಿದಂತೆ ಚಕ್ರ ತಿರುಗಿ ನೀರನ್ನು ಕಲಕುತ್ತದೆ, ನೀರು ಒಂಚೂರು ಬಿಸಿಯಾಗುತ್ತದೆ. ಎಷ್ಟು ಒಂಚೂರು ಎಂದರೆ, ಅದನ್ನು ಓದಲು ತುಂಬ ಸೂಕ್ಷ್ಮವಾದ ಉಷ್ಣತಾಮಾಪಕ ಬೇಕಾಯಿತು. 1840ರ ದಶಕದಲ್ಲಿ ಶುರುಮಾಡಿದ ಈ ಅಳತೆಯನ್ನು ಅವರು ಮುಪ್ಪಿನವರೆಗೂ ತಿದ್ದುತ್ತಲೇ ಇದ್ದರು. ಒಂದು ಪೌಂಡ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸಲು ಬೇಕಾದ ಕೆಲಸ, ಒಂದು ಪೌಂಡ್ ತೂಕ 772 ಅಡಿ ಕೆಳಗಿಳಿಯುವಾಗ ಆಗುವ ಕೆಲಸಕ್ಕೆ ಸಮ ಎಂದು ಅವರಿಗೆ ಸಿಕ್ಕಿತು. ಅವರ ಸಮಾಧಿಯ ಕಲ್ಲಿನ ಮೇಲೆ 772.55 ಎಂಬ ಸಂಖ್ಯೆಯನ್ನೇ ಕೆತ್ತಿದ್ದಾರೆ. ಒಂದು ಅಳತೆಯನ್ನು ಅಷ್ಟು ಪ್ರೀತಿಸಿದವರ ಗೋರಿಗೆ ಅದಕ್ಕಿಂತ ಒಳ್ಳೆಯ ಬರಹ ಬೇರೆ ಬೇಕಿಲ್ಲ ಎನಿಸುತ್ತದೆ ನನಗೆ.

ಜೋಗದಲ್ಲಿ ಶರಾವತಿ 253 ಮೀಟರ್ ಕೆಳಗೆ ಧುಮುಕುತ್ತಾಳಲ್ಲ, ಜೂಲ್ ಲೆಕ್ಕವನ್ನು ಅಲ್ಲಿಗೂ ಹಚ್ಚಬಹುದು. ಬೀಳುವ ನೀರಿನ ಶಕ್ತಿಯೆಲ್ಲ ನೀರಿನಲ್ಲೇ ಬಿಸಿಯಾಗಿ ಉಳಿದರೆ, ಕೆಳಗಿನ ಗುಂಡಿಯ ನೀರು ಮೇಲಿನ ನೀರಿಗಿಂತ ಸುಮಾರು 0.6 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬೆಚ್ಚಗಿರಬೇಕು. ಆ ನೀರನ್ನು ಕೊಳವೆಯಲ್ಲಿ ಇಳಿಸಿ ಟರ್ಬೈನ್ ತಿರುಗಿಸಿದರೆ ಅದೇ ಶಕ್ತಿ ವಿದ್ಯುತ್ತಾಗಿ ನಿಮ್ಮ ಮನೆಯ ಫ್ಯಾನು ತಿರುಗಿಸುತ್ತದೆ. ವಿದ್ಯುತ್ತಿಗೆ ಹೋದಷ್ಟು ನೀರಿನ ಬಿಸಿಗೆ ಖೋತಾ.

ಈಗ ಸೂಪರ್‌ಹೀರೋಗಳ ಪುಸ್ತಕ ಬಿಚ್ಚೋಣ. ಮೊದಲು ಫ್ಲ್ಯಾಶ್, ಮಿಂಚಿನಂತೆ ಓಡುವವನು. ಅವನ ತೂಕ 70 ಕಿಲೋ ಅಂದುಕೊಳ್ಳಿ. ಸೆಕೆಂಡಿಗೆ ಒಂದು ಕಿಲೋಮೀಟರ್, ಅಂದರೆ ಬಂದೂಕಿನ ಗುಂಡಿನ ವೇಗ ಪಡೆಯಲು ಅವನಿಗೆ 3.5 ಕೋಟಿ ಜೂಲ್ ಬೇಕು. ಲಡ್ಡುವಿನಲ್ಲಿ ಹೇಳಿದರೆ ನಲವತ್ತೆರಡು. ಹೊಟ್ಟೆ ತುಂಬ ದೊಡ್ಡದಾಗಿರಬೇಕು, ಆದರೂ ಹಾಗಿರಲಿ ಎನ್ನಬಹುದು. ಆದರೆ ಕಥೆಯಲ್ಲಿ ಅವನು ಬೆಳಕಿನ ಜೊತೆಯೇ ಪಂದ್ಯ ಕಟ್ಟುತ್ತಾನೆ. ಪೂರ್ತಿ ಬೆಳಕಿನ ವೇಗ ಬೇಡ, ಅದರ ನೂರರಲ್ಲೊಂದು ಭಾಗ ಸಾಕು: ಸೆಕೆಂಡಿಗೆ 3,000 ಕಿಲೋಮೀಟರ್. ವೇಗ ಮೂರು ಸಾವಿರ ಪಟ್ಟಾಯಿತು. ಲಡ್ಡುವೂ ಮೂರು ಸಾವಿರ ಪಟ್ಟು ಸಾಕೇ? ಸಾಲದು, ತೊಂಬತ್ತು ಲಕ್ಷ ಪಟ್ಟು ಬೇಕು. ಏಕೆಂದರೆ ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ, ವೇಗ ಮೂರು ಪಟ್ಟಾದರೆ ಒಂಬತ್ತು ಪಟ್ಟು. ಡಚ್ ವಿಜ್ಞಾನಿ ಖ್ರಾವೆಸಾಂಡೆ ಹಿತ್ತಾಳೆ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದಾಗ, ಎರಡು ಪಟ್ಟು ವೇಗದ ಗುಂಡು ನಾಲ್ಕು ಪಟ್ಟು ಆಳದ ಗುಳಿ ಮಾಡಿತು. ಫ್ರಾನ್ಸಿನ ಎಮಿಲಿ ದು ಶಾತ್ಲೆ ಈ ಪ್ರಯೋಗದ ಅರ್ಥವನ್ನು ಹಿಡಿದು, ಒಪ್ಪದ ದೊಡ್ಡ ದೊಡ್ಡ ಪಂಡಿತರ ಜೊತೆ 1740ರ ಹೊತ್ತಿಗೆ ವಾದಕ್ಕಿಳಿದರು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲ ಅದು. ನ್ಯೂಟನ್ನರ ಮಹಾಗ್ರಂಥವನ್ನು ಫ್ರೆಂಚಿಗೆ ತಂದವರೂ ಅವರೇ. ಅವರ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಇನ್ನಷ್ಟು ಕಾಣಬೇಕು.

ಫ್ಲ್ಯಾಶ್‌ಗೆ ಬೇಕಾದ ಲಡ್ಡು ಈಗ ಸುಮಾರು 38 ಕೋಟಿ. ಕರ್ನಾಟಕದಲ್ಲಿರುವ ಪ್ರತಿಯೊಬ್ಬರಿಗೂ ಐದೈದು ಹಂಚಿದರೂ ಮಿಗುವಷ್ಟು. ಅದೂ ಒಂದು ಸಲದ ಓಟಕ್ಕೆ.

ಓಡುವುದಕ್ಕೆ ಶಕ್ತಿ ಬೇಕು ಎಂದು ಎಲ್ಲರಿಗೂ ಹೊಳೆಯುತ್ತದೆ. ನಿಲ್ಲಿಸುವುದಕ್ಕೂ ಲೆಕ್ಕ ಉಂಟು ಎಂಬುದು ಥಟ್ಟನೆ ಹೊಳೆಯುವುದಿಲ್ಲ. ಸೂಪರ್‌ಮ್ಯಾನ್ ಬೀಳುತ್ತಿರುವ ವಿಮಾನದ ಮೂತಿಗೆ ಕೈಯೊಡ್ಡಿ ನಿಲ್ಲಿಸುತ್ತಾನೆ. ಅವನು 1938ರಲ್ಲಿ ಹುಟ್ಟಿದ ಪಾತ್ರ. ಅವನಿಗೆ ಬಲ ಬರುವುದು ನಮ್ಮ ಸೂರ್ಯನ ಬೆಳಕಿನಿಂದ ಎಂದು ಆಮೇಲಿನ ಕಥೆಗಾರರು ಸೇರಿಸಿದರು. ಬಲ ಎಲ್ಲಿಂದ ಎಂಬ ಪ್ರಶ್ನೆಯನ್ನಾದರೂ ಅವರು ಕೇಳಿಕೊಂಡರಲ್ಲ, ಅದು ನನಗೆ ಇಷ್ಟ. ಆದರೆ ಎಲ್ಲಿಗೆ ಎಂದು ಅವರು ಕೇಳಲಿಲ್ಲ. 70 ಟನ್ ತೂಕದ ವಿಮಾನ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಬರುತ್ತಿದ್ದರೆ ಅದರಲ್ಲಿ 140 ಕೋಟಿ ಜೂಲ್ ಇರುತ್ತದೆ. ವಿಮಾನ ನಿಂತಿತು. ಆ 140 ಕೋಟಿ ಜೂಲ್ ಏನಾಯಿತು? ನಾಲ್ಕು ಸಾವಿರ ಲೀಟರ್ ತಣ್ಣೀರನ್ನು ಕುದಿಸುವಷ್ಟು ಬಿಸಿ ಅದು. ಸಿನಿಮಾದಲ್ಲಿ ಸೂಪರ್‌ಮ್ಯಾನ್‌ನ ಅಂಗೈ ಬೆಚ್ಚಗೂ ಆಗುವುದಿಲ್ಲ. ನಿಜವಾದ ವಿಮಾನಗಳು ಇದಕ್ಕಿಂತ ಎಷ್ಟೋ ನಿಧಾನವಾಗಿ ರನ್‌ವೇಗೆ ಇಳಿಯುತ್ತವೆ, ಆದರೂ ಅವುಗಳ ಚಕ್ರದ ಬ್ರೇಕುಗಳು ನೂರಾರು ಡಿಗ್ರಿ ಕಾಯುತ್ತವೆ. ಬೆಂಗಳೂರಿನ ನಮ್ಮ ಮೆಟ್ರೋ ರೈಲು ಇನ್ನೂ ಜಾಣತನ ಮಾಡುತ್ತದೆ. ನಿಲ್ದಾಣ ಹತ್ತಿರ ಬಂದಾಗ ತನ್ನ ಮೋಟರನ್ನೇ ಜನರೇಟರ್ ಮಾಡಿಕೊಂಡು, ಓಡುತ್ತಿದ್ದ ಶಕ್ತಿಯಲ್ಲಿ ಒಂದಿಷ್ಟನ್ನು ವಿದ್ಯುತ್ತಾಗಿ ಪೂರೈಕೆಯ ಜಾಲಕ್ಕೆ ಮರಳಿಸುತ್ತದೆ. ಅದನ್ನು ಇನ್ನೊಂದು ರೈಲು ಬಳಸಿಕೊಳ್ಳುತ್ತದೆ.

ಶಕ್ತಿಯ ಲೆಕ್ಕ ಹೀಗಾದರೆ ವಸ್ತುವಿನ ಲೆಕ್ಕ ಹೇಗೆ?

ಮಂಗಳಾರತಿಗೆ ಕರ್ಪೂರ ಹಚ್ಚುವುದನ್ನು ನೋಡಿದ್ದೀರಿ. ಉರಿದು ಮುಗಿದ ಮೇಲೆ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ಮಾಯವಾಯಿತು ಅನ್ನಿಸುತ್ತದೆ. ನಿಜವಾಗಿ ಆದದ್ದು ಬೇರೆ. ಒಂದು ಗ್ರಾಂ ಕರ್ಪೂರ ಪೂರ್ತಿ ಉರಿಯುವಾಗ ಗಾಳಿಯಿಂದ ಸುಮಾರು 2.8 ಗ್ರಾಂ ಆಮ್ಲಜನಕವನ್ನು ಎಳೆದುಕೊಂಡು 3.8 ಗ್ರಾಂ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗುತ್ತದೆ. ಕಣ್ಣಿಗೆ ಕಾಣದೆ ಹೋದದ್ದು ಕಂಡದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ಭಾರ! ಹೀಗೆ ಉರಿಯುವ ವಸ್ತುಗಳನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು, ಮೊದಲೂ ಆಮೇಲೂ ತಕ್ಕಡಿಗೆ ಹಾಕಿ, ತೂಕ ಬದಲಾಗುವುದಿಲ್ಲ ಎಂದು ತೋರಿಸಿದವರು ಫ್ರಾನ್ಸಿನ ಲಾವಾಸಿಯೆ. 1789ರ ತಮ್ಮ ರಸಾಯನಶಾಸ್ತ್ರದ ಪುಸ್ತಕದಲ್ಲಿ ಅದನ್ನು ನಿಯಮವಾಗಿ ಬರೆದರು. ಪುಸ್ತಕದ ಉಪಕರಣಗಳ ಚಿತ್ರಗಳನ್ನು ಬರೆದವರು, ಪ್ರಯೋಗಶಾಲೆಯಲ್ಲಿ ಟಿಪ್ಪಣಿ ಇಟ್ಟವರು ಅವರ ಪತ್ನಿ ಮರಿ ಆನ್.

ಹಲ್ಕ್ ನಿಮಗೆ ಗೊತ್ತು, 1962ರಲ್ಲಿ ಕಾಮಿಕ್ಸಿಗೆ ಬಂದವನು. ಸುಮಾರು ಅರವತ್ತು ಕಿಲೋ ತೂಗುವ ಸಣಕಲು ವಿಜ್ಞಾನಿ ಬ್ರೂಸ್ ಬ್ಯಾನರ್ ಸಿಟ್ಟು ಬಂದರೆ 450 ಕಿಲೋಗೂ ಹೆಚ್ಚು ತೂಗುವ ಹಸಿರು ದೈತ್ಯನಾಗುತ್ತಾನೆ. ಮಿಕ್ಕ 390 ಕಿಲೋ ಎಲ್ಲಿಂದ? ಸಿಟ್ಟಿಗೆ ತೂಕವಿಲ್ಲ. ಸುತ್ತಲಿನ ಗಾಳಿಯನ್ನೇ ಹೀರಿಕೊಂಡ ಎಂದಿಟ್ಟುಕೊಳ್ಳೋಣ. ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋ ತೂಗುತ್ತದೆ. ನಿಮ್ಮ ತರಗತಿ ಕೋಣೆ ಏಳು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರೂವರೆ ಮೀಟರ್ ಎತ್ತರ ಇದ್ದರೆ ಅದರೊಳಗಿನ ಗಾಳಿಯ ತೂಕ ಎಷ್ಟು, ಗುಣಿಸಿ ನೋಡಿ. ಸುಮಾರು 175 ಕಿಲೋ. ನೀವು ದಿನವೂ ಅಷ್ಟು ಭಾರದ ಗಾಳಿಯ ನಡುವೆ ಕೂತು ಪಾಠ ಕೇಳುತ್ತೀರಿ! ಬ್ಯಾನರ್ ಹಲ್ಕ್ ಆಗಬೇಕಾದರೆ ಅಂಥ ಎರಡು ಕೋಣೆಗಳ ಗಾಳಿಯನ್ನು ಪೂರ್ತಿ ನುಂಗಿ, ಅದರ ಮೇಲೆ ಇನ್ನಷ್ಟನ್ನು ಹೊರಗಿನಿಂದ ಎಳೆದುಕೊಳ್ಳಬೇಕು. ಸಿಟ್ಟು ಇಳಿದಾಗ ಅಷ್ಟನ್ನೂ ಹೊರಗೆ ಬಿಡಬೇಕು. ಗಾಳಿ ಬೇಡ, ಇದ್ದ ಅರವತ್ತು ಕಿಲೋ ಮೈಯೇ ಹಿಗ್ಗಿತು ಎನ್ನಿ. ಆಗ ಹಲ್ಕ್ ಬೆಂಡಿಗಿಂತ ಹಗುರಾಗುತ್ತಾನೆ, ಜೋರು ಗಾಳಿ ಬೀಸಿದರೆ ತಡೆದು ನಿಲ್ಲುವುದು ಕಷ್ಟ.

ಗಾಳಿಯನ್ನು ಮೈಯಾಗಿ ಮಾಡಿಕೊಳ್ಳುವುದು ಸಾಧ್ಯವೇ ಇಲ್ಲ ಎಂದು ಮಾತ್ರ ತಿಳಿಯಬೇಡಿ. ಅದನ್ನು ದಿನವೂ ಮಾಡುವವರು ನಿಮ್ಮ ಅಂಗಳದಲ್ಲೇ ಇದ್ದಾರೆ. ಈಗಿನ ಬೆಲ್ಜಿಯಂ ಇರುವ ನಾಡಿನಲ್ಲಿ ಫಾನ್ ಹೆಲ್ಮಾಂಟ್ ಎಂಬ ವೈದ್ಯರು ಸುಮಾರು 90 ಕಿಲೋ ಒಣಮಣ್ಣನ್ನು ತೂಗಿ ಕುಂಡಕ್ಕೆ ಹಾಕಿ, ಎರಡು ಕಿಲೋ ಚಿಲ್ಲರೆ ತೂಗುವ ಒಂದು ಗಿಡ ನೆಟ್ಟರು. ಐದು ವರ್ಷ ಬರೀ ನೀರು ಹಾಕಿದರು. ಗಿಡ ಬೆಳೆದು ಸುಮಾರು 77 ಕಿಲೋ ಆಯಿತು. ಮಣ್ಣು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾದದ್ದು 60 ಗ್ರಾಮಿಗೂ ಕಡಿಮೆ. ಹಾಗಾದರೆ ಮರ ಮಣ್ಣನ್ನು ತಿಂದು ದಪ್ಪವಾಗಿಲ್ಲ! ನೀರೇ ಮರವಾಯಿತು ಎಂದು ಅವರು ತೀರ್ಮಾನಿಸಿದರು. ಅವರು ತೀರಿಕೊಂಡ ಮೇಲೆ, 1648ರಲ್ಲಿ, ಈ ಪ್ರಯೋಗ ಅಚ್ಚಾಯಿತು. ತೀರ್ಮಾನ ಅರ್ಧ ಮಾತ್ರ ಸರಿ. ಮರ ನೀರಿನ ಜೊತೆಗೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದು, ಸೂರ್ಯನ ಬೆಳಕಿನ ಬಲದಿಂದ ಅದನ್ನು ಸಕ್ಕರೆಯಾಗಿ, ಕಟ್ಟಿಗೆಯಾಗಿ ಕಟ್ಟುತ್ತದೆ. ಕಟ್ಟಿಗೆ ಸುಟ್ಟಾಗ ಏಳುವ ಆ ಅನಿಲವನ್ನು ಹೆಲ್ಮಾಂಟ್ ತಾವೇ ಬೇರೊಂದು ಪ್ರಯೋಗದಲ್ಲಿ ಗುರುತಿಸಿದ್ದರು. ತಮ್ಮ ಮರದ ತೂಕಕ್ಕೂ ಅದಕ್ಕೂ ನಂಟಿದೆ ಎಂದು ಮಾತ್ರ ಅವರಿಗೆ ಹೊಳೆಯಲಿಲ್ಲ. ಅವರ ಉತ್ತರಕ್ಕಿಂತ ಅವರು ತಕ್ಕಡಿ ಹಿಡಿದದ್ದು ದೊಡ್ಡದು ಎಂದು ನಾನು ನಂಬುತ್ತೇನೆ. ಬೀನ್ಸ್ ಬಳ್ಳಿ ರಾತ್ರೋರಾತ್ರಿ ಮುಗಿಲಿಗೆ ಬೆಳೆಯುವ ಕಥೆ ಓದಿದಾಗ ಅವರನ್ನು ನೆನೆಯಿರಿ: ರಾತ್ರಿ ಬೆಳಕೇ ಇಲ್ಲವಲ್ಲ, ಬಳ್ಳಿ ಯಾವ ಬಲದಿಂದ ಗಾಳಿಯನ್ನು ಕಟ್ಟಿಕೊಂಡಿತು?

ದೊಡ್ಡವನಾಗುವವನ ಪಾಡು ಇದಾದರೆ ಚಿಕ್ಕವನಾಗುವವನದು ಇನ್ನೂ ತಮಾಷೆ. 2015ರ ಆಂಟ್-ಮ್ಯಾನ್ ಸಿನಿಮಾದಲ್ಲಿ ಅಣುಗಳ ನಡುವಿನ ಜಾಗ ಕುಗ್ಗಿ ಮನುಷ್ಯ ಇರುವೆಯಷ್ಟಾಗುತ್ತಾನೆ. ಜಾಗ ಮಾತ್ರ ಕುಗ್ಗಿದರೆ ತೂಕ ಹಾಗೇ ಇರಬೇಕು. ಅವನ ಗುದ್ದಿಗೆ ದೊಡ್ಡ ಆಳಿನ ಬಲ ಇರುವುದು ಅದಕ್ಕೇ ಎಂದು ಕಥೆ ಹೇಳುತ್ತದೆ. ಸರಿ. ಆದರೆ 80 ಕಿಲೋ ಭಾರ ಒಂದು ಚದರ ಮಿಲಿಮೀಟರಿನಷ್ಟು ಅಂಗಾಲಿನ ಮೇಲೆ ಕೂತರೆ ನೆಲಕ್ಕೆ ಮೊಳೆ ಹೊಡೆದಂತೆ ಇಳಿದುಹೋಗುತ್ತದೆ. ಅವನು ಇರುವೆಯ ಬೆನ್ನೇರಿ ಸವಾರಿ ಮಾಡುತ್ತಾನೆ, ಪಾಪದ ಇರುವೆ! ಅದೇ ಸಿನಿಮಾದಲ್ಲಿ ಮುದುಕ ವಿಜ್ಞಾನಿ ನಿಜವಾದ ಯುದ್ಧ ಟ್ಯಾಂಕೊಂದನ್ನು ಕುಗ್ಗಿಸಿ ಕೀಚೈನಿಗೆ ಸಿಕ್ಕಿಸಿಕೊಂಡು ಓಡಾಡುತ್ತಾನೆ. ಹತ್ತಾರು ಟನ್ ಬೀಗದ ಕೈ! ಒಂದೇ ಕಥೆಯಲ್ಲಿ ಬೇಕಾದಾಗ ಭಾರ, ಬೇಡವಾದಾಗ ಹಗುರ. ಇದು ನನಗೆ ಹಿಡಿಸುವುದಿಲ್ಲ. ಕಥೆಗಾರ ತನಗಿಷ್ಟ ಬಂದ ನಿಯಮ ಹಾಕಿಕೊಳ್ಳಲಿ, ಹಾಕಿಕೊಂಡ ಮೇಲೆ ಅದನ್ನು ಕಾಯಬೇಕು.

ಈ ವಿಷಯದಲ್ಲಿ ನಮ್ಮ ಹಳೆಯ ಕಥೆಗಾರರು ಸೂಕ್ಷ್ಮ ಬಲ್ಲವರು. ಅಷ್ಟಸಿದ್ಧಿಗಳ ಪಟ್ಟಿಯಲ್ಲಿ ಚಿಕ್ಕದಾಗುವ ಅಣಿಮಾ, ದೊಡ್ಡದಾಗುವ ಮಹಿಮಾ ಬೇರೆ. ಭಾರವಾಗುವ ಗರಿಮಾ, ಹಗುರಾಗುವ ಲಘಿಮಾ ಬೇರೆ. ಗಾತ್ರ ಒಂದು, ಭಾರ ಇನ್ನೊಂದು, ಒಂದು ಬದಲಾದರೆ ಇನ್ನೊಂದು ತಾನಾಗಿ ಬದಲಾಗಬೇಕಿಲ್ಲ ಎಂದು ಅವರಿಗೆ ಹೊಳೆದಿತ್ತು. ಸೌಗಂಧಿಕಾ ಪುಷ್ಪ ಹುಡುಕಿ ಹೊರಟ ಭೀಮಸೇನನ ದಾರಿಗೆ ಅಡ್ಡಲಾಗಿ ಮುದಿ ಕೋತಿಯಂತೆ ಮಲಗಿದ ಹನುಮಂತ ಗಾತ್ರದಲ್ಲಿ ದೊಡ್ಡವನಾಗಲಿಲ್ಲ. ಬಾಲ ಬಾಲದಷ್ಟೇ ಇತ್ತು, ಭೀಮನಿಗೆ ಅಲುಗಾಡಿಸಲು ಆಗಲಿಲ್ಲ, ಅಷ್ಟೆ. ಆ ಭಾರ ಎಲ್ಲಿಂದ ಬಂತು ಎಂದು ಪುರಾಣ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಭೀಮನ ಗರ್ವ ಇಳಿಯಬೇಕಿತ್ತು, ಇಳಿಯಿತು. ಹ್ಯಾರಿ ಪಾಟರ್ ಬರೆದ ಲೇಖಕಿಯೂ ತಮ್ಮ ಮಾಯಾಲೋಕಕ್ಕೆ ಒಂದು ಕಟ್ಟು ಹಾಕಿದ್ದಾರೆ: ಇಲ್ಲದ ಊಟವನ್ನು ಮಂತ್ರದಿಂದ ಹುಟ್ಟಿಸುವಂತಿಲ್ಲ. ಇದ್ದದ್ದನ್ನು ಹೆಚ್ಚಿಸಬಹುದಂತೆ. ಹೆಚ್ಚಾದ ಪಾಲು ಎಲ್ಲಿಂದ ಎಂದು ನಾವು ಕೇಳಬಹುದು. ಅಲ್ಲಿನ ಮೇಡಂ ಮೆಕ್‌ಗೊನಗಲ್ ಬೆಕ್ಕಾದಾಗ ಮಿಕ್ಕ ಐವತ್ತು ಕಿಲೋ ಎಲ್ಲಿ ಹೋಯಿತು ಎಂದೂ ಕೇಳಬಹುದು.

ಶಕ್ತಿ ಸಂರಕ್ಷಣೆಯ ಈ ನಿಯಮವನ್ನು ಇಷ್ಟು ಗಟ್ಟಿಯಾಗಿ ನಂಬಬೇಕೇ? ಎಲ್ಲೋ ಒಂದು ಕಡೆ ಪ್ರಕೃತಿಯೂ ಲೆಕ್ಕ ತಪ್ಪಿರಬಾರದೇಕೆ? ಒಳ್ಳೆಯ ಪ್ರಶ್ನೆ. ಒಮ್ಮೆ ಹಾಗೆಯೇ ಕಂಡಿತ್ತು. ಕೆಲವು ಪರಮಾಣುಗಳ ನಡುವಿನ ಬೀಜ ತಾನಾಗಿ ಬದಲಾಗಿ ಒಂದು ಎಲೆಕ್ಟ್ರಾನನ್ನು ಹೊರಗೆ ಉಗುಳುತ್ತದೆ. ಪ್ರತಿ ಸಲವೂ ಎಲೆಕ್ಟ್ರಾನಿಗೆ ಒಂದೇ ಅಳತೆಯ ಶಕ್ತಿ ಸಿಗಬೇಕು. ಅಳೆದು ನೋಡಿದರೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಒಂದಿಷ್ಟು ಶಕ್ತಿ ಎಲ್ಲೋ ಸೋರಿಹೋಗುತ್ತಿತ್ತು. ನೀಲ್ಸ್ ಬೋರ್ ಅವರಂಥ ಮಹಾ ವಿಜ್ಞಾನಿಯೇ ಪರಮಾಣುವಿನ ಒಳಗೆ ಈ ನಿಯಮ ನಡೆಯದೆ ಇರಬಹುದು ಎಂದು ಯೋಚಿಸಿದರು. ವೂಲ್ಫ್‌ಗಾಂಗ್ ಪೌಲಿ ಒಪ್ಪಲಿಲ್ಲ. 1930ರ ಡಿಸೆಂಬರ್‌ನಲ್ಲಿ ಸಹೋದ್ಯೋಗಿಗಳ ಒಂದು ಸಭೆಗೆ ಅವರು ಕಾಗದ ಬರೆದರು: ಎಲೆಕ್ಟ್ರಾನಿನ ಜೊತೆ ಇನ್ನೊಂದು ಕಣವೂ ಹೊರಬರುತ್ತಿರಬೇಕು, ಅದಕ್ಕೆ ವಿದ್ಯುದಂಶವಿಲ್ಲ, ಅದು ನಮ್ಮ ಯಾವ ಉಪಕರಣಕ್ಕೂ ಸಿಗುತ್ತಿಲ್ಲ, ಕಳೆದ ಶಕ್ತಿ ಅದರ ಕೈಯಲ್ಲಿದೆ. ಜೂರಿಕ್ಕಿನಲ್ಲಿ ಒಂದು ನೃತ್ಯಕೂಟ ಇರುವುದರಿಂದ ತಾವೇ ಬರಲಾಗುತ್ತಿಲ್ಲ ಎಂದೂ ಅದೇ ಕಾಗದದಲ್ಲಿತ್ತು. ಯಾರೂ ಕಾಣದ ಕಣವನ್ನು ಬರೀ ಜಮಾಖರ್ಚು ಸರಿಹೋಗಲೆಂದು ನಂಬುವುದು ಎಂಥ ಧೈರ್ಯ! ಎನ್ರಿಕೊ ಫರ್ಮಿ ಅದನ್ನು ನ್ಯೂಟ್ರಿನೊ ಎಂದು ಕರೆದರು. 1956ರಲ್ಲಿ ಅಮೆರಿಕದ ರೈನ್ಸ್ ಮತ್ತು ಕೋವನ್ ಪರಮಾಣು ರಿಯಾಕ್ಟರಿನ ಪಕ್ಕದಲ್ಲಿ ಉಪಕರಣ ಇಟ್ಟು ಅದನ್ನು ಕೊನೆಗೂ ಹಿಡಿದರು.

ಈ ಕಥೆಯ ಒಂದು ಅಧ್ಯಾಯ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ನಡೆದಿದೆ. ಆಕಾಶದಿಂದ ಬರುವ ಕಣಗಳು ವಾತಾವರಣಕ್ಕೆ ಬಡಿದಾಗಲೂ ನ್ಯೂಟ್ರಿನೊಗಳು ಹುಟ್ಟುತ್ತವೆ. ಅವನ್ನು ಹಿಡಿಯಬೇಕಾದರೆ ಬೇರೆ ಕಣಗಳ ಗಲಾಟೆಯನ್ನು ತಡೆಯಲು ತಲೆಯ ಮೇಲೆ ದಪ್ಪ ಬಂಡೆ ಬೇಕು. ಕೆಜಿಎಫ್‌ನಲ್ಲಿ ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ಸೆಕೆಯಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳವರ ಜೊತೆ ಸೇರಿ ಉಪಕರಣ ಹೂಡಿದರು. 1965ರಲ್ಲಿ ವಾತಾವರಣದ ನ್ಯೂಟ್ರಿನೊ ಉಪಕರಣಕ್ಕೆ ಸಿಕ್ಕಿತು. ಜಗತ್ತಿನಲ್ಲಿ ಅದನ್ನು ಮೊದಲು ಕಂಡವರಲ್ಲಿ ಅವರೂ ಇದ್ದಾರೆ. ಶಿವನಸಮುದ್ರದಲ್ಲಿ ಬೀಳುವ ಕಾವೇರಿಯ ಶಕ್ತಿ 1902ರಲ್ಲಿ ವಿದ್ಯುತ್ತಾಗಿ ಹರಿದುಬಂದದ್ದೂ ಇದೇ ಗಣಿಗೆ. ಕೋಲಾರದ ಕಡೆ ಹೋದಾಗ ಚಿನ್ನದ ಮಾತಿನ ಜೊತೆ ಇದನ್ನೂ ನೆನೆಯಿರಿ. ಈ ಸಾಲು ಓದುವಷ್ಟರಲ್ಲಿ ನಿಮ್ಮ ಹೆಬ್ಬೆರಳಿನ ಉಗುರನ್ನು ಸೆಕೆಂಡಿಗೆ ಸುಮಾರು 6,500 ಕೋಟಿಯಂತೆ ಸೂರ್ಯನ ನ್ಯೂಟ್ರಿನೊಗಳು ಹಾದು ಹೋದವು. ಒಂದೂ ನಿಮಗೆ ತಾಗಿದ್ದು ಗೊತ್ತಾಗಲಿಲ್ಲ.

ಇನ್ನು ಕೊನೆಯ ಮಾಯೆ, ಎಲ್ಲಕ್ಕಿಂತ ದುಬಾರಿಯಾದದ್ದು: ಬರಿಗೈಯಿಂದ ವಸ್ತು ಹುಟ್ಟಿಸುವುದು. 1905ರಲ್ಲಿ ಐನ್‌ಸ್ಟೈನ್ ಹೇಳಿದ ಮೇಲೆ ಶಕ್ತಿಯ ಪುಸ್ತಕ, ವಸ್ತುವಿನ ಪುಸ್ತಕ ಎರಡೂ ಒಂದೇ ಆದವು. ವಸ್ತು ಎಂದರೆ ಒತ್ತೊತ್ತಾಗಿ ತುಂಬಿಟ್ಟ ಶಕ್ತಿ. ಒಂದು ಗ್ರಾಂ ವಸ್ತುವಿಗೆ ಸಮನಾದ ಶಕ್ತಿಯನ್ನು ವಿದ್ಯುತ್ ಬಿಲ್ಲಿನ ಯೂನಿಟ್‌ನಲ್ಲಿ ಹೇಳಿದರೆ ಎರಡೂವರೆ ಕೋಟಿ ಯೂನಿಟ್. ಮಂತ್ರವಾದಿ ಕೈಬೀಸಿ 200 ಗ್ರಾಂ ತೂಕದ ಒಂದು ಮಾವಿನಹಣ್ಣು ನಿಜವಾಗಿಯೂ ಹುಟ್ಟಿಸಿದರೆ 500 ಕೋಟಿ ಯೂನಿಟ್ ಬೇಕು. ತಿಂಗಳಿಗೆ 200 ಯೂನಿಟ್ ಉರಿಸುವ ಎರಡೂವರೆ ಕೋಟಿ ಮನೆಗಳ ಒಂದು ತಿಂಗಳ ವಿದ್ಯುತ್ತು ಅದು. ಮೂವತ್ತು ಕಿಲೋ ತೂಗುವ ಹುಡುಗಿಯೊಬ್ಬಳು ನಿಜವಾಗಿಯೂ ಮಾಯವಾದರೆ, ಇಡೀ ಭಾರತ ನಾಲ್ಕೈದು ತಿಂಗಳು ಬಳಸುವ ವಿದ್ಯುತ್ತಿನಷ್ಟು ಶಕ್ತಿ ಒಮ್ಮೆಗೇ ಸಿಡಿಯುತ್ತದೆ. ನೋಡುತ್ತಿದ್ದವರೂ ಉಳಿಯುವುದಿಲ್ಲ, ಊರೂ ಉಳಿಯುವುದಿಲ್ಲ. ಆದ್ದರಿಂದ ವೇದಿಕೆಯ ಮೇಲೆ ಜಾದೂಗಾರ ಪೆಟ್ಟಿಗೆಯೊಳಗಿನ ಹುಡುಗಿಯನ್ನು ಮಾಯ ಮಾಡಿದಾಗ ಧೈರ್ಯವಾಗಿರಿ, ಅವಳು ಅಲ್ಲೇ ಎಲ್ಲೋ ಅಡಗಿದ್ದಾಳೆ.

ಪಾಂಡವರ ವನವಾಸದಲ್ಲಿ ದೂರ್ವಾಸರು ಸಾವಿರಾರು ಶಿಷ್ಯರ ಜೊತೆ ಊಟಕ್ಕೆ ಬಂದಾಗ ಅಕ್ಷಯಪಾತ್ರೆ ಬರಿದಾಗಿತ್ತು. ದ್ರೌಪದಿ ಉಂಡಾದ ಮೇಲೆ ಅಂದಿಗೆ ಮುಗಿಯಿತು ಎಂಬುದು ಆ ಪಾತ್ರೆಯ ಕಟ್ಟು. ಕೃಷ್ಣ ಪಾತ್ರೆಗೆ ಅಂಟಿದ್ದ ಒಂದೇ ಅಗುಳನ್ನು ಬಾಯಿಗೆ ಹಾಕಿಕೊಂಡ, ಎಲ್ಲರ ಹೊಟ್ಟೆ ತುಂಬಿತು. ಅದರ ಲೆಕ್ಕವನ್ನೂ ಹಾಕಿಬಿಡೋಣ. ಒಂದು ಅಕ್ಕಿಕಾಳು ಸುಮಾರು 20 ಮಿಲಿಗ್ರಾಂ. ಅದು ಪೂರ್ತಿ ಶಕ್ತಿಯಾದರೆ ಐದು ಲಕ್ಷ ಯೂನಿಟ್. ಒಂದು ಯೂನಿಟ್ ಎಂದರೆ 860 ಕಿಲೋಕ್ಯಾಲೊರಿ, ಅಂದರೆ ಒಂದು ಹೊಟ್ಟೆತುಂಬ ಊಟ. ಹಾಗಾದರೆ ಒಂದು ಅಕ್ಕಿಕಾಳಿನಲ್ಲಿ ಐದು ಲಕ್ಷ ಊಟ ಅಡಗಿದೆ! ಇದನ್ನು ಹಿಡಿದುಕೊಂಡು ವ್ಯಾಸರಿಗೆ ಐನ್‌ಸ್ಟೈನರ ಸಮೀಕರಣ ಗೊತ್ತಿತ್ತು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಭಕ್ತಿಯ, ಅಕ್ಕರೆಯ ಕಥೆ. ಕಥೆಯಾಗಿಯೇ ಅದು ದೊಡ್ಡದು. ಅಕ್ಕಿಕಾಳಿನ ಆ ಶಕ್ತಿಯನ್ನು ಹೊರಗೆ ತೆಗೆಯುವ ದಾರಿ ಯಾವ ಹೊಟ್ಟೆಗೂ ಇಲ್ಲ, ಯಾವ ಯಂತ್ರಕ್ಕೂ ಇಲ್ಲ. ನಾವು ಅನ್ನದಿಂದ ಪಡೆಯುವುದು ಗಿಡ ಬಿಸಿಲಿನಿಂದ ಹಿಡಿದಿಟ್ಟ ಚೂರು ಶಕ್ತಿ ಮಾತ್ರ.

ಧರ್ಮರಾಯನಿಗೆ ಅಕ್ಷಯಪಾತ್ರೆ ಕೊಟ್ಟವನು ಸೂರ್ಯ ಎಂದು ಮಹಾಭಾರತ ಹೇಳುತ್ತದೆ. ನಿಮ್ಮ ತಟ್ಟೆಯ ಅನ್ನಕ್ಕೂ ಮೂಲ ಅವನೇ. ಆದರೆ ಸೂರ್ಯನ ಪಾತ್ರೆಯೂ ಅಕ್ಷಯವಲ್ಲ. ಅವನ ಒಡಲಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಲಿಯಂ ಆಗುತ್ತದೆ. ಹುಟ್ಟಿದ ಹೀಲಿಯಂ ತೂಗಿದರೆ ಮೂಲಕ್ಕಿಂತ 42 ಲಕ್ಷ ಟನ್ ಕಡಿಮೆ. ಆ 42 ಲಕ್ಷ ಟನ್ನೇ ಬೆಳಕಾಗಿ ಹೊರಟದ್ದು. ಸುಮಾರು 450 ಕೋಟಿ ವರ್ಷಗಳಿಂದ ಹೀಗೆ ತನ್ನನ್ನೇ ಕೊಡುತ್ತ ಬಂದರೂ ಅವನು ಬೆಳಕಾಗಿ ಕಳೆದುಕೊಂಡದ್ದು ತನ್ನ ತೂಕದ ಹತ್ತು ಸಾವಿರದಲ್ಲಿ ಮೂರು ಪಾಲನ್ನು ಮೀರಿಲ್ಲ. ಇನ್ನೂ ಸುಮಾರು 500 ಕೋಟಿ ವರ್ಷ ಹೀಗೇ ಉರಿಯುವಷ್ಟು ಹೈಡ್ರೋಜನ್ ಅವನ ಒಡಲಲ್ಲಿದೆ.